ಓಡುವಾಗ ಹಗುರ, ನಿಲ್ಲುವಾಗ ಭಾರ
ಭಾರದ ಟೂರಿಂಗ್ ಬೈಕುಗಳ ನಿಧಾನಗತಿಯ ಸಮತೋಲ: ಒಂದು ಸಮೀಕ್ಷೆ

ತಾಂಡೂರು ಸುತ್ತಿನ ರಸ್ತೆಗಳಿಗೆ ಎರಡು ಗುರುತು. ಒಂದು, ಪರ್ಸಿ ಕಲ್ಲು ಹೇರಿಕೊಂಡು ಏದುಸಿರು ಬಿಡುತ್ತ ಹೋಗುವ ಲಾರಿ. ಇನ್ನೊಂದು, ಆ ಲಾರಿ ತೋಡಿಟ್ಟು ಹೋದ ಗುಂಡಿ. ವಿಕಾರಾಬಾದ್ ಜಿಲ್ಲೆಯ ಪೆದ್ದೆಮುಲ್ ಮಂಡಲವೂ ಈ ಕಲ್ಲು, ಈ ತೊಗರಿಯ ಸೀಮೆಗೇ ಸೇರಿದ್ದು. ವಾರಾಂತ್ಯ ಬಂತೆಂದರೆ ಹೈದರಾಬಾದಿನ ಬೈಕ್ ಸವಾರರು ಅನಂತಗಿರಿ ಗುಡ್ಡ, ಕೋಟೆಪಲ್ಲಿ ಜಲಾಶಯ ಎಂದು ಈ ಕಡೆ ಬರುತ್ತಾರೆ. ಕೆಲವರು ಹಾಗೇ ಜಹೀರಾಬಾದಿನ ಮೇಲೆ ಹಾಯ್ದು ಬೀದರಿನ ಕೋಟೆ ನೋಡಿಕೊಂಡು ಹೋಗುತ್ತಾರೆ. ಹೆದ್ದಾರಿಯಲ್ಲಿ ನೂರರ ಮೇಲೆ ಹಾಯಾಗಿ ಬಂದ ಗಾಡಿ, ಊರ ಅಗಸಿಯ ಮುಂದೆ ಕುರಿಹಿಂಡಿನ ಹಿಂದೆ ಸಿಕ್ಕಿಕೊಂಡಾಗ ಸವಾರನ ಮುಖದ ಬಣ್ಣ ಬದಲಾಗುತ್ತದೆ. ಓಡುವಾಗ ಇಲ್ಲದ ತೂಕ ಒಮ್ಮೆಲೇ ಎಲ್ಲಿಂದಲೋ ಬಂದು ಕೂತಂತಾಗುತ್ತದೆ.

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ತಾಂಡೂರು ಗುಲಬರ್ಗಾ ಜಿಲ್ಲೆಯ ತಾಲ್ಲೂಕಾಗಿತ್ತು. ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು. ಗಡಿ ಸರಿದರೂ ನೆಲ ಬದಲಾಗಲಿಲ್ಲ. ಆಚೆ ತಾಂಡೂರು, ಈಚೆ ಚಿಂಚೋಳಿ, ಸೇಡಂ, ಔರಾದ್. ಎಲ್ಲ ಕಡೆ ಅದೇ ಎರೆಮಣ್ಣು, ಅದೇ ಪರ್ಸಿ, ರಸ್ತೆಯಲ್ಲಿ ಅದೇ ಹಂಪು. ಭಾರದ ಬೈಕುಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪರೀಕ್ಷಾಂಗಣ ಬೇಕಿಲ್ಲ. ಕಂಪನಿಗಳ ಕೈಪಿಡಿಯಲ್ಲಿ ಅಶ್ವಶಕ್ತಿ ಇದೆ, ಟಾರ್ಕ್ ಇದೆ, ಟ್ಯಾಂಕಿನ ಅಳತೆಯೂ ಇದೆ. ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ಗಾಡಿ ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೆ ಮಾತ್ರ ಅದರಲ್ಲಿ ಒಂದು ಸಾಲಿಲ್ಲ. ದೂರದ ಪ್ರಯಾಣದಲ್ಲಿ ಬೈಕ್ ಕೈತಪ್ಪಿ ಬೀಳುವುದು ಬಹುಪಾಲು ಅಂಥ ವೇಗದಲ್ಲೇ: ಪೆಟ್ರೋಲ್ ಬಂಕಿನಲ್ಲಿ, ಲಾಡ್ಜಿನ ಅಂಗಳದಲ್ಲಿ, ದಾರಿ ತಪ್ಪಿ ಯೂ-ಟರ್ನ್ ಹೊಡೆಯುವಾಗ.

ಬೈಕನ್ನು ನಿಲ್ಲಿಸುವುದು ಯಾವುದು?

ಚಕ್ರ ತಿರುಗುವುದರಿಂದ ಹುಟ್ಟುವ ಗೈರೋ ಪರಿಣಾಮವೇ ದ್ವಿಚಕ್ರವನ್ನು ನೆಟ್ಟಗೆ ನಿಲ್ಲಿಸುತ್ತದೆ ಎಂಬುದು ಶಾಲೆಯಿಂದಲೂ ಕೇಳಿಬಂದ ವಿವರಣೆ. 1970ರಲ್ಲಿ ಡೇವಿಡ್ ಜೋನ್ಸ್ ಎಂಬ ಬ್ರಿಟಿಷ್ ರಸಾಯನವಿಜ್ಞಾನಿ ಈ ನಂಬಿಕೆಯನ್ನು ಕೆಣಕಿದರು. ಗೈರೋ ಪರಿಣಾಮ ರದ್ದಾಗುವಂತೆ ಹಿಮ್ಮುಖವಾಗಿ ತಿರುಗುವ ಇನ್ನೊಂದು ಚಕ್ರ ಕಟ್ಟಿದ ಸೈಕಲ್ಲನ್ನು ಅವರು ಸಲೀಸಾಗಿ ಓಡಿಸಿದರು. 2011ರಲ್ಲಿ ಡೆಲ್ಫ್ಟ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗೈರೋ ಪರಿಣಾಮವೂ ಇಲ್ಲದ, ಮುಂಚಕ್ರ ಹಿಂದಿನಿಂದ ಎಳೆದುಕೊಂಡು ಬರುವ ‘ಟ್ರೇಲ್’ ಕೂಡ ಇಲ್ಲದ ಪುಟ್ಟ ವಾಹನವೊಂದು ಸವಾರನಿಲ್ಲದೆ ತಾನೇ ನೆಟ್ಟಗೆ ಉರುಳಬಲ್ಲದು ಎಂದು ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿತು. ಇವೆರಡರ ಸಾರ ಒಂದೇ: ಬೀಳುವ ಕಡೆಗೆ ಹ್ಯಾಂಡಲ್ ತಿರುಗಿ, ಚಕ್ರಗಳು ಮತ್ತೆ ತೂಕದ ಅಡಿಗೆ ಬಂದು ನಿಲ್ಲಬೇಕು. ಅದೇ ಸಮತೋಲ.

ವೇಗವಿದ್ದಾಗ ಹ್ಯಾಂಡಲ್ ಕೂದಲೆಳೆಯಷ್ಟು ತಿರುಗಿದರೂ ಕೆಲಸ ಆಗುತ್ತದೆ. ನಡಿಗೆಯ ವೇಗದಲ್ಲಿ ಅದೇ ಕೆಲಸಕ್ಕೆ ಹ್ಯಾಂಡಲನ್ನು ಗೇಣುಗಟ್ಟಲೆ ತಿರುಗಿಸಬೇಕು, ಅದೂ ತಡಮಾಡದೆ. ಸ್ಲೋ ಸೈಕಲ್ ರೇಸಿನಲ್ಲಿ ಹುಡುಗರು ಹ್ಯಾಂಡಲನ್ನು ಆ ಕಡೆ ಈ ಕಡೆ ಹೊರಳಿಸುವುದು ಇದೇ ಕಾರಣಕ್ಕೆ. ಮೋಟಾರ್‌ಸೈಕಲ್ಲಿನ ಸ್ಥಿರತೆಯನ್ನು ಗಣಿತದ ಸಮೀಕರಣಗಳಲ್ಲಿ ಹಿಡಿದ ರಾಬಿನ್ ಶಾರ್ಪ್ ಅವರ 1971ರ ಅಧ್ಯಯನ ಗಾಡಿ ಅಂಕೆ ತಪ್ಪುವ ಬಗೆಗಳನ್ನು ಮೂರಾಗಿ ವಿಂಗಡಿಸಿತು: ಮಗುಚುವುದು, ಹಾವಿನಂತೆ ಹೊಯ್ದಾಡುವುದು, ಮುಂಚಕ್ರ ತಟತಟ ನಡುಗುವುದು. ನಿಧಾನಗತಿಯ ಸವಾರನ ತಲೆನೋವು ಮೊದಲನೆಯದೇ.

ಲೆಕ್ಕ ಹಾಕಿದರೆ ಇದು ಇನ್ನೂ ಸ್ಪಷ್ಟ. ಮೂರು ಮೀಟರ್ ತ್ರಿಜ್ಯದಲ್ಲಿ ಯೂ-ಟರ್ನ್ ಹೊಡೆಯುತ್ತಿದ್ದೀರಿ ಎನ್ನಿ. ಗಂಟೆಗೆ 10 ಕಿ.ಮೀ. ವೇಗವಿದ್ದರೆ ಗಾಡಿ ಸುಮಾರು 15 ಡಿಗ್ರಿ ವಾಲಬೇಕು. ವೇಗ 5 ಕಿ.ಮೀ.ಗೆ ಇಳಿದರೆ ಬೇಕಾದ ವಾಲು ಬರೀ 4 ಡಿಗ್ರಿ. ವೇಗ ಅರ್ಧವಾದರೆ ಗಾಡಿಯನ್ನು ಎತ್ತಿಹಿಡಿಯುವ ಬಲ ಕಾಲುಭಾಗಕ್ಕೆ ಕುಸಿಯುತ್ತದೆ. 15 ಡಿಗ್ರಿ ವಾಲಿಸಿ ತಿರುಗುತ್ತಿರುವ ಸವಾರ ಹೆದರಿ ಕ್ಲಚ್ ಒತ್ತಿಬಿಟ್ಟರೆ, ಇಲ್ಲವೇ ಎಂಜಿನ್ ಬಂದ್ ಬಿದ್ದರೆ, ಉಳಿದ 11 ಡಿಗ್ರಿಯನ್ನು ಹೊರುವವರು ಯಾರು? ಅವನ ಎಡಗಾಲೋ ಬಲಗಾಲೋ. ಭಾರದ ಬೈಕ್ ಬೀಳುವ ಕಥೆ ಬಹಳ ಸಲ ಇಷ್ಟೇ.

ತೂಕ ಎಷ್ಟು ಎನ್ನುವುದಕ್ಕಿಂತ ತೂಕ ಎಲ್ಲಿ

ಹೋಲಿಕೆ ಶುರುವಾಗುವುದು ತೂಕದಿಂದ. ಹೋಂಡಾ ಗೋಲ್ಡ್ ವಿಂಗ್ ಟೂರ್ ಸುಮಾರು 390 ಕೆ.ಜಿ.; ಹಾರ್ಲಿ-ಡೇವಿಡ್ಸನ್ ಸ್ಟ್ರೀಟ್ ಗ್ಲೈಡ್ ಸುಮಾರು 370; ಬಿಎಂಡಬ್ಲ್ಯು ಆರ್ 1250 ಆರ್‌ಟಿ 279; ಅದೇ ಕಂಪನಿಯ ಆರ್ 1250 ಜಿಎಸ್ 249; ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650 ಗಾಡಿಗೆ 241; ನಮ್ಮ ಊರುಗಳಲ್ಲಿ ‘ಭಾರದ ಗಾಡಿ’ ಎಂದೇ ಹೆಸರಾದ ಕ್ಲಾಸಿಕ್ 350ಗೆ 195. ಎರಡು ಕ್ಲಾಸಿಕ್ ಸೇರಿದರೆ ಒಂದು ಗೋಲ್ಡ್ ವಿಂಗ್.

ನಿಂತ ಗಾಡಿಯ ಮಟ್ಟಿಗೆ ಈ ಅಂಕಿಗಳು ನಿಜವನ್ನೇ ಹೇಳುತ್ತವೆ. ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಂಡರೆ, 10 ಡಿಗ್ರಿ ವಾಲಿದ ಗೋಲ್ಡ್ ವಿಂಗನ್ನು ಒಂದು ಮೀಟರ್ ಎತ್ತರದ ಹ್ಯಾಂಡಲಿನಲ್ಲಿ ತಡೆಹಿಡಿಯಲು ಸುಮಾರು 34 ಕೆ.ಜಿ. ಬಲ ಬೇಕು. ಕ್ಲಾಸಿಕ್‌ಗೆ 17 ಸಾಕು. 20 ಡಿಗ್ರಿ ದಾಟಿತೆಂದರೆ ಗೋಲ್ಡ್ ವಿಂಗ್ 67 ಕೆ.ಜಿ. ಕೇಳುತ್ತದೆ. ಅಷ್ಟು ಹೊತ್ತಿಗೆ ಬುದ್ಧಿವಂತ ಸವಾರ ಗಾಡಿಯನ್ನು ಅದರ ಪಾಡಿಗೆ ಬಿಟ್ಟು ಕಾಲು ತಪ್ಪಿಸಿಕೊಳ್ಳುತ್ತಾನೆ. ಎತ್ತರದ ಅಡ್ವೆಂಚರ್ ಬೈಕುಗಳ ಲೆಕ್ಕ ಬೇರೆ. 250 ಕೆ.ಜಿ. ಗಾಡಿಯ ಗುರುತ್ವ ಕೇಂದ್ರ 60 ಸೆಂ.ಮೀ. ಎತ್ತರದಲ್ಲಿದ್ದರೆ 10 ಡಿಗ್ರಿಗೆ 26 ಕೆ.ಜಿ. ಹಿಡಿಯಬೇಕು. ತೂಕದಲ್ಲಿ 140 ಕೆ.ಜಿ. ಕಡಿಮೆಯಿದ್ದರೂ ಕೈಗೆ ಬರುವ ಹೊರೆಯಲ್ಲಿ ವ್ಯತ್ಯಾಸ ಎಂಟೇ ಕೆ.ಜಿ.

ಚಲಿಸುವ ಗಾಡಿಯಲ್ಲಿ ಲೆಕ್ಕ ತಿರುವುಮುರುವು. ಅಂಗೈ ಮೇಲೆ ಪೊರಕೆ ಕಡ್ಡಿ ನಿಲ್ಲಿಸುವುದು ಕಷ್ಟ, ಉದ್ದನೆಯ ಕೋಲು ನಿಲ್ಲಿಸುವುದು ಸುಲಭ. ಉದ್ದದ್ದು ನಿಧಾನವಾಗಿ ಬೀಳುತ್ತದೆ, ಕೈಗೆ ಸರಿಪಡಿಸಲು ಸಮಯ ಸಿಗುತ್ತದೆ. ಗುರುತ್ವ ಕೇಂದ್ರ 50 ಸೆಂ.ಮೀ.ನಿಂದ 70ಕ್ಕೆ ಏರಿದರೆ ಗಾಡಿ ಬೀಳಲು ತೆಗೆದುಕೊಳ್ಳುವ ಸಮಯ ಶೇ 18ರಷ್ಟು ಹೆಚ್ಚುತ್ತದೆ. ಹೀಗಾಗಿಯೇ ಜಿಎಸ್‌ನಂಥ ಎತ್ತರದ ಬೈಕು ಗುಂಡಿಗಳ ನಡುವೆ ಆಮೆಯಂತೆ ತೆವಳುವಾಗ ಅಚ್ಚರಿ ಹುಟ್ಟಿಸುವಷ್ಟು ವಿಧೇಯ, ನಿಲ್ಲಿಸಿ ಕಾಲೂರುವ ಹೊತ್ತಿಗೆ ಅಷ್ಟೇ ಭಯಂಕರ. ತಗ್ಗಿನ ಕ್ರೂಸರುಗಳದು ಇದಕ್ಕೆ ಉಲ್ಟಾ. ‘ಗುರುತ್ವ ಕೇಂದ್ರ ಕೆಳಗಿದ್ದಷ್ಟೂ ಒಳ್ಳೆಯದು’ ಎಂಬ ಮಾತು ಅರ್ಧ ಸತ್ಯ. ನಿಲ್ಲಿಸಲು ಕೆಳಗಿರಬೇಕು, ನಿಧಾನವಾಗಿ ನಡೆಸಲು ತುಸು ಮೇಲಿದ್ದರೆ ಅಡ್ಡಿಯಿಲ್ಲ.

ಈ ಇಕ್ಕಟ್ಟಿಗೆ ತಯಾರಕರು ಬೇರೆ ಬೇರೆ ಉತ್ತರ ಹುಡುಕಿದ್ದಾರೆ. ಗೋಲ್ಡ್ ವಿಂಗ್ ಆರು ಸಿಲಿಂಡರುಗಳನ್ನು ಮೂರು ಮೂರರಂತೆ ಎರಡೂ ಮಗ್ಗುಲಿಗೆ ಮಲಗಿಸಿ ತೂಕವನ್ನು ತಳಕ್ಕೆ ತಂದಿದೆ, ಸೀಟನ್ನು 745 ಮಿ.ಮೀ.ಗೆ ಇಳಿಸಿದೆ. ಹಾರ್ಲಿ 2021ರ ಪ್ಯಾನ್ ಅಮೆರಿಕ ಸ್ಪೆಷಲ್‌ನಲ್ಲಿ ಗಾಡಿ ನಿಲ್ಲುವ ಹೊತ್ತಿಗೆ ಸಸ್ಪೆನ್ಷನ್ ತಾನೇ ಕುಗ್ಗುವ ಏರ್ಪಾಡು ತಂದಿತು. ಆಮೇಲೆ ಬಂದ ಬಿಎಂಡಬ್ಲ್ಯು ಆರ್ 1300 ಜಿಎಸ್‌ಗೂ ಇಂಥದ್ದೇ ಸೌಲಭ್ಯ ಆಯ್ಕೆಯಾಗಿ ಸಿಗುತ್ತದೆ. ಅದರಲ್ಲಿ ಸೀಟು 850ರಿಂದ 820 ಮಿ.ಮೀ.ಗೆ ಇಳಿಯುತ್ತದೆ. ಮೂರು ಸೆಂಟಿಮೀಟರ್ ಎಂದರೆ ಏನು ಮಹಾ ಎನಿಸಬಹುದು. ತುದಿಗಾಲಲ್ಲಿ ನಿಂತವನಿಗೆ ಪೂರ್ತಿ ಪಾದ ಊರಲು ಸಿಕ್ಕರೆ ಅದೇ ಮಹಾ.

ಹ್ಯಾಂಡಲ್ ತಾನೇ ಬೀಳುವುದೇಕೆ?

ದೊಡ್ಡ ಬೈಕನ್ನು ಮೊದಲ ಬಾರಿ ನಿಧಾನವಾಗಿ ತಿರುಗಿಸಿದವರು ‘ಹ್ಯಾಂಡಲ್ ಒಳಗೆ ಬೀಳತದ’ ಎನ್ನುತ್ತಾರೆ. ಅದು ಭ್ರಮೆ ಅಲ್ಲ. ಮುಂದಿನ ಫೋರ್ಕು ಓರೆಯಾಗಿರುವುದರಿಂದ ಹ್ಯಾಂಡಲ್ ತಿರುಗಿಸಿದಾಗ ಗಾಡಿಯ ಮೂತಿ ಕೂದಲಿನಷ್ಟು ಕೆಳಗಿಳಿಯುತ್ತದೆ. ಇಳಿಯಲು ಹೊರಟ ತೂಕ ಹ್ಯಾಂಡಲನ್ನು ಇನ್ನಷ್ಟು ಒಳಕ್ಕೆ ದೂಡುತ್ತದೆ. ಫೋರ್ಕಿನ ಓರೆ ಮತ್ತು ಟ್ರೇಲ್ ಹೆಚ್ಚಿದಷ್ಟೂ ಈ ಗುಣ ಹೆಚ್ಚು. ಗೋಲ್ಡ್ ವಿಂಗ್‌ನ ಓರೆ 30.5 ಡಿಗ್ರಿ, ಟ್ರೇಲ್ 109 ಮಿ.ಮೀ.; ಹಾರ್ಲಿಯ ಟೂರಿಂಗ್ ಮಾದರಿಗಳಲ್ಲಿ ಓರೆ 26 ಡಿಗ್ರಿ, ಟ್ರೇಲ್ ಸುಮಾರು 170. ಇವೆರಡನ್ನೂ ಸೂತ್ರಕ್ಕೆ ಹಾಕಿದರೆ ಈ ‘ಬೀಳುವ ಗುಣ’ ಹೋಂಡಾದಲ್ಲಿ 48 ಮಿ.ಮೀ. ಆಸುಪಾಸು, ಹಾರ್ಲಿಯಲ್ಲಿ 67 ಮಿ.ಮೀ. ಆಸುಪಾಸು ಬರುತ್ತದೆ. ಕಾಗದದ ಮೇಲೆ ಹಾರ್ಲಿ ಸೋಲಬೇಕು.

ರಸ್ತೆಯಲ್ಲಿ ಮಾತ್ರ ಹಾರ್ಲಿಯ ಟೂರಿಂಗ್ ಗಾಡಿಗಳು ನಿಧಾನಗತಿಗೆ ಹೆಸರುವಾಸಿ. ಅಮೆರಿಕದ ಪೊಲೀಸರು ಕಿತ್ತಳೆ ಕೋನುಗಳ ನಡುವೆ ಇವನ್ನು ಬುಗುರಿಯಂತೆ ತಿರುಗಿಸುತ್ತಾರೆ. ಕಾರಣ ಅದರ ಕಟ್ಟಡದಲ್ಲಿದೆ. ಸಾಮಾನ್ಯ ಬೈಕಿನಲ್ಲಿ ಫೋರ್ಕುಗಳು ಸ್ಟೀರಿಂಗ್ ಕಾಂಡದ ಮುಂದಿರುತ್ತವೆ. ಹಾರ್ಲಿಯ ಟೂರಿಂಗ್ ಮಾದರಿಗಳಲ್ಲಿ ಕಾಂಡದ ಹಿಂದೆ. ಹೀಗಾಗಿ ತಿರುಗುವ ಭಾಗದ ತೂಕ ಕಾಂಡದ ಎರಡೂ ಕಡೆ ಹಂಚಿಹೋಗುತ್ತದೆ, ಹ್ಯಾಂಡಲ್ ಕೈಗೆ ಹಗುರವಾಗುತ್ತದೆ. ಅದೇ ಮನೆಯ ಎರಡು ಗಾಡಿಗಳಲ್ಲೂ ವ್ಯತ್ಯಾಸವಿದೆ. ಸ್ಟ್ರೀಟ್ ಗ್ಲೈಡ್‌ನ ಮುಂಗವಚ ಫೋರ್ಕಿಗೆ ಕಟ್ಟಿದ್ದು, ಹ್ಯಾಂಡಲ್ ಜೊತೆ ಅದೂ ತಿರುಗುತ್ತದೆ. ರೋಡ್ ಗ್ಲೈಡ್‌ನದು ಚಾಸಿಗೆ ಕಟ್ಟಿದ್ದು, ಅಲ್ಲಾಡುವುದಿಲ್ಲ. ಗಾಳಿಯಲ್ಲಿ ಎರಡನೆಯದು ಸ್ಥಿರ ಎನ್ನುವವರಿದ್ದಾರೆ. ಆದರೆ ಹ್ಯಾಂಡಲ್ ಪೂರ್ತಿ ತಿರುಗಿದರೂ ಮುಂದಿನ ದೊಡ್ಡ ಮೂತಿ ನೇರವೇ ಇರುವುದರಿಂದ, ಗಾಡಿ ಎಷ್ಟು ತಿರುಗಿತು ಎಂಬ ಅಂದಾಜು ಹೊಸಬರಿಗೆ ತಪ್ಪುತ್ತದೆ.

ಉದ್ದವೂ ಲೆಕ್ಕಕ್ಕೆ ಬರುತ್ತದೆ. ಎರಡು ಚಕ್ರಗಳ ನಡುವಿನ ಅಂತರ ಕ್ಲಾಸಿಕ್‌ನಲ್ಲಿ 1390 ಮಿ.ಮೀ., ಸೂಪರ್ ಮೀಟಿಯರಿನಲ್ಲಿ 1500, ಗೋಲ್ಡ್ ವಿಂಗ್‌ನಲ್ಲಿ 1695. ಹ್ಯಾಂಡಲ್ ಒಂದೇ ಅಳತೆಗೆ ತಿರುಗಿದರೆ ಗೋಲ್ಡ್ ವಿಂಗ್‌ಗೆ ಕ್ಲಾಸಿಕ್‌ಗಿಂತ ಐದನೇ ಒಂದು ಪಾಲು ಹೆಚ್ಚು ಜಾಗ ಬೇಕು. ನಮ್ಮ ಹಳ್ಳಿ ರಸ್ತೆಯ ಡಾಂಬರು 3.75 ಮೀಟರ್ ಅಗಲದ್ದು. ಅದರೊಳಗೆ ಇವುಗಳಲ್ಲಿ ಯಾವುದೂ ಒಂದೇ ಸುತ್ತಿಗೆ ತಿರುಗಲಾರದು. ಡಾಂಬರು ಬಿಟ್ಟು ಮಣ್ಣಿಗಿಳಿಯಬೇಕು, ಇಲ್ಲವೇ ಹಿಂದೆ ಮುಂದೆ ಮಾಡಬೇಕು.

ಹಿಂದೆ ಸರಿಸುವ ಕಷ್ಟಕ್ಕೆ ಹೋಂಡಾ 1988ರ ಮಾದರಿಯ ಗೋಲ್ಡ್ ವಿಂಗ್‌ನಲ್ಲೇ ಉತ್ತರ ಕೊಟ್ಟಿತ್ತು: ಸ್ಟಾರ್ಟರ್ ಮೋಟಾರಿನ ಬಲದಿಂದ ಗಾಡಿಯನ್ನು ಹಿಮ್ಮುಖವಾಗಿ ಮೆಲ್ಲಗೆ ಸರಿಸುವ ಸೌಲಭ್ಯ. 2018ರ ಹೊಸ ಪೀಳಿಗೆಯ ಆಟೋಮ್ಯಾಟಿಕ್ ಮಾದರಿಗೆ ನಡಿಗೆಗಿಂತಲೂ ನಿಧಾನವಾಗಿ ಮುಂದೆ, ಹಿಂದೆ ಚಲಿಸುವ ‘ವಾಕಿಂಗ್ ಮೋಡ್’ ಬಂತು. ಬಿಎಂಡಬ್ಲ್ಯು ಕೆ 1600 ಸಾಲಿನ ಗಾಡಿಗಳಿಗೂ ರಿವರ್ಸ್ ಇದೆ. ಇಳಿಜಾರಿನಲ್ಲಿ ಮೂತಿ ಗೋಡೆಗೆ ತಾಗಿಸಿ ಗಾಡಿ ನಿಲ್ಲಿಸಿದವನಿಗೆ ಇದರ ಬೆಲೆ ಗೊತ್ತು.

ಎಂಜಿನ್, ಕ್ಲಚ್, ಬಿಸಿ

ಹಳೆಯ ಬುಲೆಟ್ ಸವಾರರನ್ನು ಕೇಳಿದರೆ ನಿಧಾನಗತಿಯ ಗುಟ್ಟು ಒಂದೇ ಎನ್ನುತ್ತಾರೆ: ಭಾರದ ಫ್ಲೈವೀಲ್. 70 ಮಿ.ಮೀ. ಬೋರಿಗೆ 90 ಮಿ.ಮೀ. ಸ್ಟ್ರೋಕ್ ಇದ್ದ ಆ ಎಂಜಿನ್ನು ಐಡಲಿಂಗಿನಲ್ಲೇ ಗಾಡಿಯನ್ನು ಎಳೆದುಕೊಂಡು ಹೋಗುತ್ತಿತ್ತು. ಫ್ಲೈವೀಲಿನಲ್ಲಿ ಕೂಡಿಟ್ಟ ಶಕ್ತಿ ಎಂಜಿನ್ ತಟ್ಟನೆ ಬಂದ್ ಬೀಳದಂತೆ ಕಾಯುತ್ತಿತ್ತು. ಈಗಿನ 350ಗಳ 72 ಮಿ.ಮೀ. ಬೋರು, 85.8 ಮಿ.ಮೀ. ಸ್ಟ್ರೋಕು ಆ ಸ್ವಭಾವವನ್ನು ಬಹುಮಟ್ಟಿಗೆ ಉಳಿಸಿಕೊಂಡಿವೆ. ಸೆಗಣಿ ಗುಡ್ಡೆ, ಎತ್ತಿನ ಗಾಡಿ, ಕಟ್ಟೆಯ ಮೇಲಿನ ಹಿರಿಯರು ಎಲ್ಲವನ್ನೂ ಸುತ್ತಿ ಹೋಗಬೇಕಾದ ಓಣಿಯಲ್ಲಿ ಈ ಗುಣಕ್ಕೆ ಸರಿಸಾಟಿ ಇಲ್ಲ.

ಕನ್ನಡ ನಾಡಿನದೇ ಆದ ಮೈಸೂರಿನ ಜಾವಾ, ಯೆಜ್ಡಿಗಳ ದಾರಿ ಬೇರೆಯಾಗಿತ್ತು. 1960ರ ದಶಕದ ಆರಂಭದಿಂದ 1996ರವರೆಗೆ ನಡೆದ ಐಡಿಯಲ್ ಜಾವಾ ಕಾರ್ಖಾನೆಯ ಈ ಗಾಡಿಗಳಲ್ಲಿ ಗೇರ್ ಪೆಡಲ್ ಒತ್ತಿದರೆ ಕ್ಲಚ್ಚೂ ತಾನೇ ಬಿಡುತ್ತಿತ್ತು. ಕೈಯ ಕ್ಲಚ್ ಮುಟ್ಟದೆ ಬರೀ ಕಾಲ್ಬೆರಳಿನಲ್ಲಿ ಗಾಡಿಯನ್ನು ಮೆಲ್ಲಗೆ ಬಿಡುವ ಕೈಚಳಕ, ಅಲ್ಲಲ್ಲ, ಕಾಲ್ಚಳಕ ಮೈಸೂರು ಸವಾರರಿಗೆ ಬೆರಳ ತುದಿಯಲ್ಲಿತ್ತು.

ಇವತ್ತಿನ ದೊಡ್ಡ ಬೈಕುಗಳಲ್ಲಿ ನಿಧಾನಗತಿ ಎಂದರೆ ಹಾಫ್ ಕ್ಲಚ್. ಎಣ್ಣೆಯಲ್ಲಿ ಮುಳುಗಿದ ಬಹುತಟ್ಟೆಯ ಕ್ಲಚ್ ಇದನ್ನು ತಕ್ಕಮಟ್ಟಿಗೆ ಸಹಿಸುತ್ತದೆ. ಹಳೆಯ ಬಿಎಂಡಬ್ಲ್ಯು ಜಿಎಸ್‌ಗಳಲ್ಲಿ 2012ರವರೆಗೂ ಒಣ ಕ್ಲಚ್ ಇತ್ತು. ಹಾಫ್ ಕ್ಲಚ್ಚಿನಲ್ಲಿ ಬಹಳ ಹೊತ್ತು ತೆವಳಿದರೆ ಸುಟ್ಟ ವಾಸನೆ ಬರುತ್ತಿತ್ತು. 2013ರ ನೀರು ತಂಪಿನ ಎಂಜಿನ್ನಿನೊಂದಿಗೆ ಎಣ್ಣೆ ಕ್ಲಚ್ ಬಂತು, ಆ ದೂರೂ ಹೋಯಿತು. ಬಿಸಿಯ ಪ್ರಶ್ನೆ ಮಾತ್ರ ಉಳಿದಿದೆ. ತಾಂಡೂರು, ಕಲಬುರಗಿಯ ಮೇ ತಿಂಗಳ 40 ಡಿಗ್ರಿ ದಾಟಿದ ಮಧ್ಯಾಹ್ನದಲ್ಲಿ ಸಂತೆ ಬೀದಿ ದಾಟುವಾಗ ಹಾರ್ಲಿಯ ಹಿಂದಿನ ಸಿಲಿಂಡರ್ ತೊಡೆಯನ್ನು ಬೇಯಿಸುತ್ತದೆ. ಬೆಂದ ತೊಡೆ ಟ್ಯಾಂಕನ್ನು ಬಿಗಿಹಿಡಿಯುವುದಿಲ್ಲ. ಮೊಣಕಾಲು ಹೊರಗೆ ಬಂತೆಂದರೆ ಸಮತೋಲವೂ ಹೊರಗೆ ಬಂದಂತೆ.

ಎರೆಮಣ್ಣು, ಪರ್ಸಿ, ಹಂಪು

ವಿದೇಶದಲ್ಲಿ ಇಂಥ ಹೋಲಿಕೆಗಳು ನಡೆಯುವುದು ಹೆಚ್ಚಾಗಿ ಗಟ್ಟಿ ನೆಲದ ಮೇಲೆ. ನಮ್ಮ ನೆಲ ಅಷ್ಟು ಸೌಮ್ಯವಲ್ಲ. ಎರೆಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಒಂದು ಮಳೆಗೆ ಅಂಟಾಗುತ್ತದೆ. ಚಕ್ರಕ್ಕೆ ಮೆತ್ತಿದ ಮಣ್ಣು ಮಡ್‌ಗಾರ್ಡಿನ ಸಂದಿಯಲ್ಲಿ ಕೂತು ಚಕ್ರವನ್ನೇ ಹಿಡಿದುಹಾಕುತ್ತದೆ. ಚಕ್ರಕ್ಕೆ ಅಂಟಿದಂತೆ ಮಡ್‌ಗಾರ್ಡ್ ಇರುವ ಟೂರಿಂಗ್ ಬೈಕುಗಳಿಗೆ ಇಲ್ಲಿ ದಾರಿಯೇ ಇಲ್ಲ. ಮುಂಚಕ್ರ 21 ಇಂಚಿನದಿರುವ, ನೆಲದಿಂದ 220 ಮಿ.ಮೀ. ಎತ್ತರದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ರಂಥ ಗಾಡಿ ಮಾತ್ರ ಹೇಗೋ ಪಾರಾಗುತ್ತದೆ.

ಮಳೆಗಾಲದಲ್ಲಿ ಹೊಲದ ಬದುವಿನ ಪಕ್ಕ ಗಾಡಿ ನಿಲ್ಲಿಸಿ ನೋಡಿ. ಸೈಡ್ ಸ್ಟ್ಯಾಂಡಿನ ಪಾದ ಮೊದಲು ಒಂದು ಬೆರಳು ಇಳಿಯುತ್ತದೆ, ಗಾಡಿ ಸ್ವಲ್ಪ ವಾಲುತ್ತದೆ. ವಾಲಿದ್ದರಿಂದ ಆ ಪಾದದ ಮೇಲೆ ಹೊರೆ ಹೆಚ್ಚುತ್ತದೆ, ಅದು ಇನ್ನೂ ಇಳಿಯುತ್ತದೆ. ಚಹಾ ಮುಗಿಸಿ ಬರುವಷ್ಟರಲ್ಲಿ ಗಾಡಿ ಮಲಗಿರುತ್ತದೆ. ಈ ಸೀಮೆಯ ಜನಕ್ಕೆ ಇದರ ಮದ್ದು ಗೊತ್ತು: ಅಂಗೈಯಗಲದ ಪರ್ಸಿ ಚೂರು ಸ್ಟ್ಯಾಂಡಿನ ಕೆಳಗೆ. ಶಹಾಬಾದಿನಿಂದ ತಾಂಡೂರಿನವರೆಗೆ ಅದಕ್ಕೆ ಬರವಿಲ್ಲ. ಅದೇ ಪರ್ಸಿ ನೆಲಹಾಸಾಗಿ ನುಣುಪಾದರೆ ಶತ್ರು. ಲಾಡ್ಜಿನ ಅಂಗಳದಲ್ಲಿ, ಅಂಗಡಿಯ ಮುಂದೆ ನೀರು ಚೆಲ್ಲಿದ ಪಾಲಿಶ್ ಕಲ್ಲಿನ ಮೇಲೆ ಕಾಲೂರಿದರೆ ಬೂಟು ಜಾರುತ್ತದೆ. 390 ಕೆ.ಜಿ. ಗಾಡಿಗೆ ಆ ಒಂದು ಗೇಣಿನ ಜಾರಿಕೆ ಸಾಕು.

ಇನ್ನು ಹಂಪು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಅದರ ಮೇಲೆ ಗೋಲ್ಡ್ ವಿಂಗ್‌ನ ಎರಡು ಚಕ್ರಗಳ ನಡುವೆ ಉಬ್ಬು ಮೇಲೇಳುವುದು ಸುಮಾರು ಎರಡೇ ಸೆಂ.ಮೀ. ನಮ್ಮೂರ ಹಂಪು ಒಂದೂವರೆ ಅಡಿ ಅಗಲ, ಅರ್ಧ ಅಡಿ ಎತ್ತರ. ಅಂದರೆ 15 ಸೆಂ.ಮೀ. ಗೋಲ್ಡ್ ವಿಂಗ್ ನೆಲದಿಂದ 13, ಸೂಪರ್ ಮೀಟಿಯರ್ 13.5 ಸೆಂ.ಮೀ. ಎತ್ತರ. ಮುಂದಿನದು ಹೇಳಬೇಕಿಲ್ಲ. ಹೊಟ್ಟೆ ತಾಗಿದ ಕ್ಷಣ ಗಾಡಿ ತಡೆಯುತ್ತದೆ, ವೇಗ ಸೊನ್ನೆಯಾಗುತ್ತದೆ. ಸವಾರ ಕಾಲಿಟ್ಟರೆ ಕೆಳಗೆ ನೆಲ ಅರ್ಧ ಅಡಿ ತಗ್ಗಿನಲ್ಲಿರುತ್ತದೆ.

ಮೇಲಿನ ಹೊರೆಯೂ ಸೇರಿತೆಂದರೆ ಕಷ್ಟ ಇಮ್ಮಡಿ. ಹಿಂದಿನ ಟಾಪ್ ಬಾಕ್ಸಿನಲ್ಲಿ ಹತ್ತು ಕೆ.ಜಿ. ತುಂಬಿದರೆ ಅದು ಎತ್ತರದಲ್ಲಿ, ಹಿಂದಿನ ಅಚ್ಚಿನಿಂದಲೂ ಆಚೆ ಕೂರುತ್ತದೆ, ಮುಂಚಕ್ರವನ್ನು ಹಗುರ ಮಾಡುತ್ತದೆ. ಹಾಲಿನ ಕ್ಯಾನುಗಳನ್ನು ಎರಡೂ ಬದಿಗೆ, ತಗ್ಗಿನಲ್ಲಿ ಕಟ್ಟಿಕೊಂಡು ಡೈರಿಗೆ ಹೋಗುವ ರೈತನ ನೂರು ಸಿ.ಸಿ. ಗಾಡಿಯನ್ನು ಗಮನಿಸಿ. ಹೊರೆ ಎಲ್ಲಿ ಕಟ್ಟಬೇಕೆಂದು ಅವನಿಗೆ ಯಾವ ಕೈಪಿಡಿಯೂ ಹೇಳಿಕೊಟ್ಟಿಲ್ಲ.

ಸವಾರನೇ ಮುಖ್ಯ ಬಿಡಿಭಾಗ

2017ರ ನವೆಂಬರ್ 19ರಂದು ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ ಸೇನೆಯ ಆರ್ಮಿ ಸರ್ವಿಸ್ ಕೋರಿನ ‘ಟೊರ್ನಾಡೋಸ್’ ತಂಡ ಒಂದೇ ರಾಯಲ್ ಎನ್‌ಫೀಲ್ಡ್ 500 ಸಿ.ಸಿ. ಬೈಕಿನ ಮೇಲೆ 58 ಜನರನ್ನು ಹೊತ್ತು 1200 ಮೀಟರ್ ಸಾಗಿ ದಾಖಲೆ ಬರೆಯಿತು. ಅದರ ಮೇಲಿನ ಹೊರೆಯ ಮುಂದೆ ಗೋಲ್ಡ್ ವಿಂಗ್ ಗರಿ. ಜನ ಎರಡೂ ಬದಿಗೆ ಸಮನಾಗಿ ಹರಡಿ ನಿಂತದ್ದರಿಂದ ಗಾಡಿ ವಾಲುವ ಗತಿ ನಿಧಾನವಾಯಿತು. ಉಳಿದದ್ದನ್ನು ಸವಾರನ ಕೈ ನೋಡಿಕೊಂಡಿತು. ತೂಕ ಕೈಪಿಡಿಯ ಅಂಕಿಯಷ್ಟೇ ಅಲ್ಲ ಎಂಬುದಕ್ಕೆ ಕನ್ನಡ ನೆಲದಲ್ಲೇ ಸಿಕ್ಕ ಸಾಕ್ಷಿ ಇದು.

ಆ ಕೈಗೆ ಏನು ಗೊತ್ತಿರಬೇಕು? ಲೋಕದ ತರಬೇತುದಾರರ ನಡುವೆ ಇದರಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಮೊದಲ ಗೇರು, ಎಂಜಿನ್ ಐಡಲಿಂಗಿಗಿಂತ ತುಸು ಮೇಲೆ, ಕ್ಲಚ್ ಅರ್ಧ, ಹಿಂದಿನ ಬ್ರೇಕಿನ ಮೇಲೆ ಕಾಲಿನ ಮೆಲುಸ್ಪರ್ಶ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಮುಟ್ಟಬಾರದು. ಮುಟ್ಟಿದರೆ ಫೋರ್ಕು ಕುಸಿದು ಗಾಡಿ ಒಳಗೆ ಬೀಳುತ್ತದೆ. ತಿರುವಿನಲ್ಲಿ ಗಾಡಿ ಒಳಗೆ ವಾಲಲಿ, ಮೈ ಹೊರಗಿರಲಿ. ಎಲ್ಲಕ್ಕಿಂತ ಮುಖ್ಯ, ಕಣ್ಣು ಮುಂಚಕ್ರದ ಮೇಲಲ್ಲ, ತಿರುವು ಮುಗಿಯುವ ಜಾಗದ ಮೇಲೆ.

ಇದನ್ನು ಸರಕಾರವೇ ಪರೀಕ್ಷಿಸುವ ದೇಶಗಳಿವೆ. ಜಪಾನಿನ ಲೈಸೆನ್ಸ್ ಪರೀಕ್ಷೆಯಲ್ಲಿ 30 ಸೆಂ.ಮೀ. ಅಗಲ, 15 ಮೀಟರ್ ಉದ್ದದ ಹಲಗೆಯಂಥ ದಾರಿ ಇರುತ್ತದೆ. 400 ಸಿ.ಸಿ. ಮೀರಿದ ದೊಡ್ಡ ಬೈಕಿನವರು ಅದನ್ನು ಕೆಳಗೆ ಬೀಳದೆ ದಾಟಲು ಕನಿಷ್ಠ 10 ಸೆಕೆಂಡ್ ತೆಗೆದುಕೊಳ್ಳಬೇಕು. ಬೇಗ ದಾಟಿದರೆ ಅಂಕ ಕಡಿತ. ಬ್ರಿಟನ್ 2009ರಿಂದ ಮೋಟಾರ್‌ಸೈಕಲ್ ಪರೀಕ್ಷೆಯನ್ನು ಎರಡು ಭಾಗ ಮಾಡಿ, ನಿಧಾನ ಸವಾರಿ, ಯೂ-ಟರ್ನ್, ಎಂಟರ ಆಕಾರವನ್ನು ಮೊದಲ ಭಾಗಕ್ಕೆ ಸೇರಿಸಿತು. ಯುರೋಪಿನಲ್ಲಿ ಬೈಕಿನ ಶಕ್ತಿಗೆ ತಕ್ಕಂತೆ ಎ1, ಎ2, ಎ ಎಂದು ಮೆಟ್ಟಿಲುಗಳಿವೆ. ಎ2 ಲೈಸೆನ್ಸಿಗೆ 35 ಕಿಲೋವ್ಯಾಟ್ ಮಿತಿ.

ನಮ್ಮಲ್ಲಿ ಗೇರ್ ಇರುವ ಬೈಕು ಎಂದರೆ ಎಲ್ಲವೂ ಒಂದೇ ವರ್ಗ. ಆರ್‌ಟಿಒ ಮೈದಾನದಲ್ಲಿ ನೂರು ಸಿ.ಸಿ. ಗಾಡಿಯಲ್ಲಿ ‘ಎಂಟು’ ಹಾಕಿದವನು ಅದೇ ಕಾರ್ಡು ಹಿಡಿದು ಮರುದಿನ ಗೋಲ್ಡ್ ವಿಂಗ್ ಓಡಿಸಬಹುದು. ‘ಎಂಟು’ ಒಳ್ಳೆಯ ಪರೀಕ್ಷೆಯೇ, ನಿಧಾನಗತಿಯದೇ. ಹಗುರದ ಗಾಡಿಯಲ್ಲಿ ಹಾಕಿದ ಎಂಟು ಮೂರು ಪಟ್ಟಿಗೂ ಹೆಚ್ಚು ತೂಕದ ಗಾಡಿಗೂ ಸಲ್ಲುತ್ತದೆ ಎಂದು ಒಪ್ಪಿಕೊಂಡಿರುವುದು ತಪ್ಪು.

ಯಂತ್ರವೇ ಸವಾರನ ಕೆಲಸ ಮಾಡುವ ಕಾಲವೂ ಬರಬಹುದು. 2017ರಲ್ಲಿ ಹೋಂಡಾ ತೋರಿಸಿದ ‘ರೈಡಿಂಗ್ ಅಸಿಸ್ಟ್’ ಮಾದರಿ, ಗೈರೋ ಚಕ್ರಗಳ ನೆರವಿಲ್ಲದೆ, ಮುಂಚಕ್ರವನ್ನು ತಾನೇ ಅತ್ತಿತ್ತ ತಿರುಗಿಸುತ್ತ ನಿಂತಲ್ಲೇ ನೆಟ್ಟಗೆ ನಿಂತಿತ್ತು. ಅಂಥದ್ದು ಇಲ್ಲಿನ ಹಂಪಿನವರೆಗೆ ಬರುವ ತನಕ ಕೈಕಾಲುಗಳೇ ಗತಿ.

ತೀರ್ಪು

ಇಷ್ಟೆಲ್ಲ ತೂಗಿ ನೋಡಿದರೆ ನಿಲ್ಲುವ ಮಾತು ಇಷ್ಟು. ಅಚ್ಚುಕಟ್ಟಾದ ಡಾಂಬರಿನ ಮೇಲೆ, ಗಿಡ್ಡ ಸವಾರನಿಗೂ, ನಿಲ್ಲಿಸುವಾಗ, ಹಿಂದೆ ಸರಿಸುವಾಗ ಅತಿ ವಿಧೇಯ ಗಾಡಿ ಗೋಲ್ಡ್ ವಿಂಗ್: ತಗ್ಗಿನ ತೂಕ, ತಗ್ಗಿನ ಸೀಟು, ರಿವರ್ಸ್ ಮೂರೂ ಅದಕ್ಕಿವೆ. ತರಬೇತಿ ಪಡೆದ ಕೈಗೆ ಹಾರ್ಲಿಯ ಟೂರಿಂಗ್ ಗಾಡಿಗಳು ಅದಕ್ಕೆ ಸಮ, ಬಿಸಿಲೊಂದನ್ನು ಬಿಟ್ಟರೆ. ಕಾಲು ಉದ್ದ ಇದ್ದವರಿಗೆ, ಗುಂಡಿಯ ದಾರಿಗೆ ಜಿಎಸ್. ಪೆದ್ದೆಮುಲ್, ಚಿಂಚೋಳಿ, ಔರಾದಿನ ಹಂಪು ಮತ್ತು ಎರೆಮಣ್ಣಿಗೆ ಇವುಗಳಲ್ಲಿ ಯಾವುದೂ ಹಿಮಾಲಯನ್ ಅಥವಾ ಕ್ಲಾಸಿಕ್‌ನಷ್ಟು ಹೊಂದುವುದಿಲ್ಲ. 200 ಕೆ.ಜಿ. ಒಳಗಿನ ಗಾಡಿ ಬಿದ್ದರೆ ಒಬ್ಬನೇ ಎತ್ತಬಹುದು. ಇನ್ನುಳಿದವಕ್ಕೆ ಹೊಲದಿಂದ ನಾಲ್ಕು ಜನರನ್ನು ಕೂಗಬೇಕು.

ಭಾರದ ಬೈಕ್ ಕೊಳ್ಳುವವರಿಗೆ ಒಂದು ಮಾತು. ಶೋರೂಮಿನವರು ಟೆಸ್ಟ್ ರೈಡಿಗೆ ಹೆದ್ದಾರಿಗೆ ಕಳಿಸುತ್ತಾರೆ. ಅಲ್ಲಿ ಎಲ್ಲ ಗಾಡಿಯೂ ಚೆನ್ನಾಗಿರುತ್ತದೆ. ಬದಲಿಗೆ ಖಾಲಿ ಮೈದಾನವೊಂದನ್ನು ಕೇಳಿ. ಹದಿನೈದು ಮೀಟರ್ ಗೆರೆ ಎಳೆದು ಅದರ ಮೇಲೆ ಕನಿಷ್ಠ ಹತ್ತು ಸೆಕೆಂಡ್ ತೆಗೆದುಕೊಂಡು, ಕಾಲೂರದೆ ಹೋಗಿ. ಎಡಕ್ಕೊಂದು, ಬಲಕ್ಕೊಂದು ಯೂ-ಟರ್ನ್ ಹೊಡೆಯಿರಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಇನ್ನೊಮ್ಮೆ ಮಾಡಿ. ಇಷ್ಟರಲ್ಲಿ ಕಾಲು ನಡುಗಿದರೆ ಆ ಗಾಡಿ ನಿಮಗಲ್ಲ, ಅಥವಾ ಇನ್ನೂ ಅಲ್ಲ. ಸಾರಿಗೆ ಇಲಾಖೆಗಳಿಗೂ ಒಂದು ಕೋರಿಕೆ: 250 ಕೆ.ಜಿ. ದಾಟಿದ ಬೈಕು ಓಡಿಸುವವರಿಂದ ಅಂಥ ಬೈಕಿನ ಮೇಲೇ ಎಂಟು ಹಾಕಿಸಿ. ಅದಕ್ಕೆ ಹೊಸ ಯಂತ್ರ ಬೇಡ, ಹೊಸ ಮೈದಾನ ಬೇಡ. ನಿಯಮಕ್ಕೆ ಒಂದು ಸಾಲು ಸೇರಿಸಿದರೆ ಸಾಕು.